ಗ್ಯಾರೇಜಿಗೆ ಬಂದ ಕೂಡಲೇ ಮಾಯವಾಗುವ ಕಾಯಿಲೆ

ಬೆಳಿಗ್ಗೆ ಮನೆಯಿಂದ ಹೊರಡುವಾಗ ಒಂದೇ ಸೆಲ್ಫಿಗೆ ಸ್ಟಾರ್ಟ್ ಆದ ಹಳೆಯ ಮಾರುತಿ, ಮಳವಳ್ಳಿಯಲ್ಲಿ ಕೆಲಸ ಮುಗಿಸಿ ಬಂದು ಕೀ ತಿರುಗಿಸಿದರೆ ಹೊರಡುವುದಿಲ್ಲ. ಬ್ಯಾಟರಿ ಚೆನ್ನಾಗಿದೆ, ಸೆಲ್ಫ್ ತಿರುಗುತ್ತಿದೆ, ಟ್ಯಾಂಕಿನಲ್ಲಿ ಪೆಟ್ರೋಲೂ ಇದೆ. ಅರ್ಧ ಗಂಟೆ ಬಿಟ್ಟು ಮತ್ತೆ ತಿರುಗಿಸಿದರೆ ಏನೂ ನಡೆದೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಮರುದಿನ ಗ್ಯಾರೇಜಿಗೆ ಒಯ್ದರೆ ಎಷ್ಟು ಸಲ ತಿರುಗಿಸಿದರೂ ಅಷ್ಟು ಸಲವೂ ಸ್ಟಾರ್ಟ್. ‘ನಿನ್ನೆ ಹಿಂಗಿರಲಿಲ್ಲ ಕಣಣ್ಣ, ನಡು ರಸ್ತೇಲಿ ಕೈ ಕೊಡ್ತು’ ಅನ್ನುತ್ತಾನೆ ಕಾರಿನವನು. ‘ಈಗ ಸರಿಯಾಗೇ ಅದಲ್ಲಪ್ಪ, ಏನಂತ ನೋಡ್ಲಿ?’ ಅನ್ನುತ್ತಾನೆ ಮೆಕ್ಯಾನಿಕ್. ಇಬ್ಬರ ಮಾತೂ ನಿಜ.

ಇಲ್ಲಿಂದ ಮುಂದೆ ನಡೆಯುವುದು ಊರೂರಿನಲ್ಲೂ ಒಂದೇ. ಅನುಮಾನದ ಮೇಲೆ ಪ್ಲಗ್ ಸೆಟ್ ಬದಲಾಗುತ್ತದೆ. ವಾರ ಬಿಟ್ಟು ಕಾಯಿಲ್, ತಿಂಗಳು ಬಿಟ್ಟು ಫ್ಯೂಯಲ್ ಪಂಪ್, ಕೊನೆಗೆ ಕಾರ್ಬೊರೇಟರ್. ಬಿಲ್ಲು ಬೆಳೆಯುತ್ತದೆ, ತೊಂದರೆ ಇದ್ದಲ್ಲೇ ಇರುತ್ತದೆ. ಆಗಾಗ ಬಂದು ಹೋಗುವ ಸ್ಟಾರ್ಟಿಂಗ್ ಟ್ರಬಲ್ಲನ್ನೂ, ಆಕ್ಸಿಲರೇಟರ್ ತುಳಿದಾಗ ತಡವರಿಸುವ ‘ಮಿಸ್ಸಿಂಗ್’ ಅನ್ನೂ ಪಾರ್ಟು ಬದಲಾಯಿಸಿ ಹಿಡಿಯಲು ಹೋದರೆ ದುಡ್ಡು ಮುಗಿಯುತ್ತದೆಯೇ ಹೊರತು ಕಾರಣ ಸಿಗುವುದಿಲ್ಲ. ಅದನ್ನು ಹಿಡಿಯುವ ದಾರಿ ಬೇರೆ ಇದೆ. ಆ ದಾರಿಗೆ ಬೇಕಾದ್ದು ಸಾಮಾನಿಗಿಂತ ಹೆಚ್ಚಾಗಿ ಗಮನ.

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ, ಬ್ಲಫ್, ಬಿ.ಜಿ. ಪುರದ ಕಡೆ ಹಳೆಯ ಕಾರು ಶೋಕಿಯ ವಸ್ತುವಲ್ಲ. ರಾತ್ರಿ ಹೊತ್ತು ಹೆರಿಗೆಗೋ ಎದೆನೋವಿಗೋ ಆಸ್ಪತ್ರೆಗೆ ಓಡುವುದು ಅದರಲ್ಲೇ. ರೇಷ್ಮೆಗೂಡು ಮಾರುಕಟ್ಟೆಗೆ ಹೋಗುವುದು ಓಮ್ನಿಯಲ್ಲಿ. ಮನೆಮಂದಿಯೆಲ್ಲ ಸತ್ತೇಗಾಲ, ಕೊಳ್ಳೇಗಾಲ, ಹನೂರು ದಾಟಿ ಮಾದಪ್ಪನ ಬೆಟ್ಟ ಹತ್ತುವುದೂ ಅದರಲ್ಲೇ. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ತಯಾರಿಕೆ ನಿಂತದ್ದು 2014ರಲ್ಲಿ. ಅಂಬಾಸಿಡರ್ ನಿಂತದ್ದೂ ಅದೇ ವರ್ಷ. 1984ರಲ್ಲಿ ಬಂದ ಓಮ್ನಿ 2019ರವರೆಗೆ ನಡೆಯಿತು. ಕಾರ್ಖಾನೆ ನಿಂತರೂ ಈ ಗಾಡಿಗಳ ದುಡಿಮೆ ನಿಂತಿಲ್ಲ. 15 ವರ್ಷ ತುಂಬಿದ ಮೇಲೆ ಎಫ್‌ಸಿ ಮಾಡಿಸಿ, ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿಕೊಂಡು ಓಡಿಸುವ ಕುಟುಂಬಗಳಿಗೆ ನಡು ರಸ್ತೆಯಲ್ಲಿ ಕೈ ಕೊಡದ ಕಾರು ಬೇಕೇ ಬೇಕು.

ಯಾವಾಗ ಅನ್ನುವುದೇ ಮೊದಲ ಸುಳಿವು

ಬಂದು ಹೋಗುವ ತೊಂದರೆಗೆ ಒಂದು ಒಳ್ಳೆಯ ಗುಣವಿದೆ: ಅದು ಸುಮ್ಮಸುಮ್ಮನೆ ಬರುವುದಿಲ್ಲ. ಬಿಸಿ, ತೇವ, ಅಲುಗಾಟ, ಏರು, ಇವುಗಳಲ್ಲಿ ಯಾವುದಾದರೂ ಒಂದರ ಜತೆ ಬರುತ್ತದೆ. ಆ ಜತೆಗಾರ ಯಾರೆಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ರಾತ್ರಿಯೆಲ್ಲ ನಿಂತ ಎಂಜಿನ್ ಬೆಳಿಗ್ಗೆ ಸತಾಯಿಸಿದರೆ ಬ್ಯಾಟರಿ, ಚೋಕ್, ಪ್ಲಗ್ಗುಗಳತ್ತ ನೋಡಬೇಕು. ಓಡಿ ಬಿಸಿಯಾಗಿ, ಹತ್ತಿಪ್ಪತ್ತು ನಿಮಿಷ ನಿಂತ ಮೇಲೆ ಹೊರಡದಿದ್ದರೆ ಇಗ್ನಿಷನ್ ಕಾಯಿಲ್, ಕಂಡೆನ್ಸರ್ ಅಥವಾ ಪೆಟ್ರೋಲ್ ಆವಿಯಾಗಿ ಪೈಪಿನಲ್ಲಿ ಕಟ್ಟಿಕೊಳ್ಳುವ ವೇಪರ್ ಲಾಕ್. ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ ಅಥವಾ ನಾಲೆ ಬಯಲಿನ ಮಂಜು ಕವಿದ ಬೆಳಗಿನಲ್ಲಿ ಮಾತ್ರ ತೊಂದರೆಯಾದರೆ ಪ್ಲಗ್ ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪ್. ಹಂಪ್ ಹಾರಿದಾಗ, ಗುಂಡಿಗೆ ಇಳಿದಾಗ ಜರ್ಕ್ ಹೊಡೆದು ಆಫ್ ಆದರೆ ಎಲ್ಲೋ ಒಂದು ವೈರು ಸಡಿಲ. ಸಮತಟ್ಟಿನಲ್ಲಿ ಚೆನ್ನಾಗಿ ಓಡಿ ಘಾಟಿಯಲ್ಲಿ ಉಸಿರು ಕಟ್ಟಿದರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ.

ಆದ್ದರಿಂದ ಡ್ಯಾಷ್‌ಬೋರ್ಡಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಡಬೇಕು. ತೊಂದರೆ ಕೊಟ್ಟಾಗಲೆಲ್ಲ ಆರು ವಿಷಯ ಬರೆಯಬೇಕು: ಹೊತ್ತು ಎಷ್ಟು, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಮಳೆಯೋ ಬಿಸಿಲೋ, ರಸ್ತೆ ಎಂಥದ್ದು, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಯಾವ ಸದ್ದು ಅಥವಾ ವಾಸನೆ ಬಂತು. ಬರೆಯಲಾಗದವರು ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಂಡರೂ ಸಾಕು. ‘ಆಗಾಗ ಆಯ್ತದೆ’ ಎಂಬ ಮಾತಿಗಿಂತ ಈ ಸದ್ದು, ಈ ಬರಹ ಮೆಕ್ಯಾನಿಕ್‌ಗೆ ನೂರು ಪಾಲು ಉಪಯೋಗ.

ಸೆಲ್ಫ್ ತಿರುಗುತ್ತದೆಯೇ, ಇಲ್ಲವೇ?

ಎರಡನೆಯ ಪ್ರಶ್ನೆ ಇದು. ಕೀ ತಿರುಗಿಸಿದಾಗ ಸೆಲ್ಫ್ ಮೋಟಾರ್ ತಿರುಗದೆ ‘ಟಕ್’ ಎಂದು ಒಂದೇ ಸದ್ದು ಮಾಡಿದರೆ, ಅಥವಾ ಎಂಜಿನ್ನನ್ನು ಬಹಳ ನಿಧಾನವಾಗಿ ತಿರುಗಿಸಿದರೆ, ಪೆಟ್ರೋಲನ್ನೂ ಪ್ಲಗ್ಗನ್ನೂ ಸದ್ಯಕ್ಕೆ ಮರೆಯಬಹುದು. ತೊಂದರೆ ಕರೆಂಟಿನ ಹರಿವಿನಲ್ಲಿದೆ.

ಸಾಮಾನ್ಯ ಮಲ್ಟಿಮೀಟರ್ ಇದ್ದರೆ ನೋಡುವುದು ಸುಲಭ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ ಎಂದು ಅರ್ಥ. 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಸೆಲ್ಫ್ ಹೊಡೆಯುವಾಗ ಅದು 9.6 ವೋಲ್ಟಿಗಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. ಅಷ್ಟಿಲ್ಲದಿದ್ದರೆ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲ, ಹೊಸ ಬ್ಯಾಟರಿ ತಂದರೂ ಅದೇ ಗತಿ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಸೋತರೆ ಟರ್ಮಿನಲ್ ನೋಡಬೇಕು. ಬಿಳಿ, ನೀಲಿ ಪುಡಿ ಕಟ್ಟಿದ ಟರ್ಮಿನಲ್ ಬೆಳಿಗ್ಗೆ ಕರೆಂಟ್ ಬಿಟ್ಟು ಮಧ್ಯಾಹ್ನ ಬಿಡದೇ ಇರಬಹುದು. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಉಜ್ಜಿ, ಬಿಗಿಮಾಡಿದರೆ ಎಷ್ಟೋ ಕಾರುಗಳ ಕಾಯಿಲೆ ಅಲ್ಲಿಗೇ ಮುಗಿಯುತ್ತದೆ. ಅದಾದ ಮೇಲೆ ಎಂಜಿನ್ನಿನಿಂದ ಬಾಡಿಗೆ ಬರುವ ಅರ್ತಿಂಗ್ ಪಟ್ಟಿ. ಎಂಜಿನ್ ಇಳಿಸಿ ಕೆಲಸ ಮಾಡಿಸಿದ ಕಾರುಗಳಲ್ಲಿ ಇದನ್ನು ಮತ್ತೆ ಕಟ್ಟಲು ಮರೆತಿರುವುದುಂಟು. ಆಗ ಸೆಲ್ಫಿನ ಕರೆಂಟ್ ದಾರಿ ಹುಡುಕಿಕೊಂಡು ಆಕ್ಸಿಲರೇಟರ್ ಅಥವಾ ಚೋಕ್ ಕೇಬಲ್ಲಿನ ಮೂಲಕ ಹರಿಯುತ್ತದೆ. ಸೆಲ್ಫ್ ಹೊಡೆದ ಮೇಲೆ ಆ ಕೇಬಲ್ ಮುಟ್ಟಿದರೆ ಬಿಸಿಯಾಗಿದೆಯೆಂದರೆ ಅರ್ತ್ ಇಲ್ಲವೆಂದೇ ತಿಳಿಯಬೇಕು.

ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ನಡುವೆ ಅರ್ಧ ನಿಮಿಷವಾದರೂ ಬಿಡಬೇಕು. ಗಾಬರಿಯಲ್ಲಿ ಒತ್ತಿ ಹಿಡಿದರೆ ಇದ್ದ ಒಂದು ತೊಂದರೆಗೆ ಸುಟ್ಟ ಮೋಟಾರೂ ಸೇರುತ್ತದೆ.

ಕಿಡಿಯ ದಾರಿ

ಸೆಲ್ಫ್ ಜೋರಾಗಿ ತಿರುಗುತ್ತಿದೆ, ಆದರೂ ಎಂಜಿನ್ ಹಿಡಿಯುತ್ತಿಲ್ಲ ಎಂದರೆ ಉಳಿದದ್ದು ಮುಖ್ಯವಾಗಿ ಎರಡು: ಕಿಡಿ ಇಲ್ಲ ಅಥವಾ ಪೆಟ್ರೋಲ್ ಇಲ್ಲ. ಇವೆರಡರಲ್ಲಿ ಯಾವುದು ಎಂಬುದನ್ನು ಕಾರು ನಿಂತ ಜಾಗದಲ್ಲೇ, ನಿಂತ ಹೊತ್ತಿನಲ್ಲೇ ನೋಡಬೇಕು. ಎಂಜಿನ್ ತಣ್ಣಗಾದ ಮೇಲೆ ನೋಡಿ ಪ್ರಯೋಜನವಿಲ್ಲ.

ಅದಕ್ಕಾಗಿ ಕಾರಿನಲ್ಲಿ ಒಂದು ಹೆಚ್ಚುವರಿ ಪ್ಲಗ್ ಇಟ್ಟುಕೊಳ್ಳಬೇಕು. ಹಳೆಯ ಕಾರ್ಬೊರೇಟರ್ ಕಾರಿನಲ್ಲಿ ಒಂದು ಸಿಲಿಂಡರಿನ ಪ್ಲಗ್ ವೈರನ್ನು ಬಿಚ್ಚಿ ಆ ಪ್ಲಗ್ಗಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್ನಿಗೆ ಭದ್ರವಾಗಿ ತಾಗುವಂತೆ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ನೀಲಿಯಾಗಿ ಚಟಚಟ ಕಿಡಿ ಹಾರಿದರೆ ಸರಿ. ಕಿಡಿ ಸಣಕಲಾಗಿ ಹಳದಿಯಿದ್ದರೆ, ಹಾರದೇ ಇದ್ದರೆ, ಕಾರಣ ಈ ಕಡೆಯೇ ಇದೆ. ಪ್ಲಗ್ಗನ್ನಾಗಲಿ ವೈರನ್ನಾಗಲಿ ಬರಿಗೈಯಲ್ಲಿ ಹಿಡಿಯಬಾರದು. ಪೆಟ್ರೋಲ್ ಸೋರಿದ ವಾಸನೆ ಇದ್ದರೆ ಈ ಪರೀಕ್ಷೆಗೆ ಹೋಗಲೇಬಾರದು.

ಬೆಳಕವಾಡಿಗೆ ಹತ್ತಿರದ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಯವರೆಗೆ ಹೋದದ್ದು ಅದರ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರಿನಲ್ಲಿ ಏರಿಸಿದ್ದರಿಂದ. ಕಾರಿನ ಕಾಯಿಲ್ ಮಾಡುವುದೂ ಅದೇ ತತ್ವದ ಕೆಲಸವನ್ನೇ. ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಪ್ಲಗ್ಗಿನ ಮೂತಿಯಲ್ಲಿ ಗಾಳಿಯನ್ನು ಸೀಳಿ ಕಿಡಿ ಹಾರುವಂತೆ ಮಾಡುತ್ತದೆ. ಮಾರುತಿ 800ರ 3 ಸಿಲಿಂಡರ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಿಮಿಷಕ್ಕೆ 4500 ಕಿಡಿ ಬೇಕು, ಅಂದರೆ ಸೆಕೆಂಡಿಗೆ 75. ಇಷ್ಟು ದುಡಿಯುವ ಕಾಯಿಲ್ಲಿನೊಳಗೆ ತಂತಿಯ ಮೇಲಿನ ಹೊದಿಕೆ ಹಳತಾದಾಗ, ಬಿಸಿಯಲ್ಲಿ ಅದು ಕರೆಂಟನ್ನು ಒಳಗೇ ಬಿಟ್ಟುಕೊಡುತ್ತದೆ. ತಣ್ಣಗಾದರೆ ಮತ್ತೆ ಸರಿಹೋಗುತ್ತದೆ. ಗ್ಯಾರೇಜಿಗೆ ಬಂದ ಕಾರಿನಲ್ಲಿ ತೊಂದರೆ ಕಾಣದೆ ಹೋಗಲು ಇದೊಂದು ದೊಡ್ಡ ಕಾರಣ. ಕಾಯಿಲ್ಲಿನ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟ್ ಇರುವ ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ಕಂಡೆನ್ಸರ್ ಕೂಡ ಹೀಗೆಯೇ ಬಿಸಿಯಲ್ಲಿ ಸೋಲುತ್ತದೆ. ಅದರ ಬೆಲೆ ಕಡಿಮೆ, ಮಾಡುವ ಕಾಟ ದೊಡ್ಡದು. ಪಾಯಿಂಟಿನ ಮುಖ ಸುಟ್ಟು ಕಪ್ಪಾಗಿದ್ದರೂ, ಅದರ ಗ್ಯಾಪ್ ಹೆಚ್ಚುಕಡಿಮೆಯಾಗಿದ್ದರೂ ಕಿಡಿಯ ಹೊತ್ತೂ ಬಲವೂ ಕೆಡುತ್ತವೆ.

ಪ್ಲಗ್ ವೈರು ಮತ್ತು ಡಿಸ್ಟ್ರಿಬ್ಯೂಟರ್ ಕ್ಯಾಪನ್ನು ಕತ್ತಲೆಯಲ್ಲಿ ನೋಡಬೇಕು. ರಾತ್ರಿ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ದೂರದಿಂದ ಸ್ವಲ್ಪ ನೀರು ಚಿಮುಕಿಸಿದರೆ ಸೀಳಿದ ಕಡೆಯೆಲ್ಲ ಸಣ್ಣ ನೀಲಿ ಗೆರೆ ಹರಿದಾಡುತ್ತದೆ. ಹಗಲಲ್ಲಿ ಕಣ್ಣಿಗೆ ಬೀಳದ ಕೂದಲೆಳೆಯ ಬಿರುಕನ್ನು ಕತ್ತಲೆ ತೋರಿಸಿಕೊಡುತ್ತದೆ.

ಕಬ್ಬಿನ ಗದ್ದೆ, ಹುಲ್ಲಿನ ಬಣವೆ ಹತ್ತಿರ ನಿಲ್ಲಿಸುವ ಕಾರಿಗೆ ಇನ್ನೊಂದು ಕಾರಣ ಇಲಿ. ಎಂಜಿನ್ನಿನ ಬಿಸಿಗೆ ಬಂದು ಕೂರುವ ಇಲಿ ವೈರಿನ ಹೊದಿಕೆಯನ್ನು ಅರ್ಧ ಕಡಿದು ಬಿಟ್ಟಿರುತ್ತದೆ. ಒಳಗಿನ ತಂತಿಯ ನಾಲ್ಕು ಎಳೆ ಉಳಿದಿದ್ದರೆ ಕಾರು ಒಂದು ದಿನ ಓಡುತ್ತದೆ, ಇನ್ನೊಂದು ದಿನ ನಿಲ್ಲುತ್ತದೆ. ಎಂಜಿನ್ ಓಡುತ್ತಿರುವಾಗ ಬೆಲ್ಟು, ಫ್ಯಾನು, ಪ್ಲಗ್ ವೈರುಗಳಿಂದ ದೂರವಿದ್ದು ಉಳಿದ ವೈರುಗಳನ್ನು ಒಂದೊಂದಾಗಿ ಮೆಲ್ಲಗೆ ಅಲುಗಾಡಿಸಿ ನೋಡಿದರೆ, ಎಲ್ಲಿ ಮುಟ್ಟಿದಾಗ ಎಂಜಿನ್ ತಡವರಿಸುತ್ತದೋ ಅಲ್ಲಿದೆ ಕಾರಣ.

ಪೆಟ್ರೋಲಿನ ದಾರಿ

ಕಿಡಿ ಚೆನ್ನಾಗಿದ್ದರೆ ಪೆಟ್ರೋಲಿನ ದಾರಿಯನ್ನು ಟ್ಯಾಂಕಿನಿಂದ ಹಿಡಿದು ಕಾರ್ಬೊರೇಟರಿನವರೆಗೆ ಕ್ರಮವಾಗಿ ನೋಡುತ್ತ ಬರಬೇಕು. ಮೊದಲು ಟ್ಯಾಂಕಿನ ಮುಚ್ಚಳ. ಪೆಟ್ರೋಲ್ ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಗಾಳಿ ಬರುವ ದಾರಿ ಧೂಳಿನಿಂದ ಮುಚ್ಚಿದ್ದರೆ ಒಂದಷ್ಟು ದೂರ ಓಡಿದ ಮೇಲೆ ಟ್ಯಾಂಕಿನಲ್ಲಿ ನಿರ್ವಾತವಾಗಿ ಪಂಪಿಗೆ ಎಳೆಯಲಾಗುವುದಿಲ್ಲ. ಕಾರು ನಿಂತ ಕೂಡಲೇ ಮುಚ್ಚಳ ತೆಗೆದಾಗ ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿ, ಆಮೇಲೆ ಸ್ಟಾರ್ಟ್ ಆದರೆ ಬೇರೆ ಏನನ್ನೂ ಬಿಚ್ಚಬೇಕಿಲ್ಲ.

ಅದಾದ ಮೇಲೆ ಫಿಲ್ಟರ್. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ತುಕ್ಕು ಏಳುತ್ತದೆ. ಸಮತಟ್ಟಿನಲ್ಲಿ ಅರ್ಧ ಮುಚ್ಚಿದ ಫಿಲ್ಟರ್ ಸಾಕಾಗುತ್ತದೆ. ಬೆಟ್ಟದ ಏರಿನಲ್ಲಿ, ಎಂಜಿನ್ ಹೆಚ್ಚು ಕೇಳಿದಾಗ ಅದು ಸಾಲದು. ಸುಗ್ಗಿಯ ದಿನಗಳಲ್ಲಿ ನಮ್ಮ ರಸ್ತೆಗಳ ಮೇಲೆಯೇ ಹುರುಳಿ, ರಾಗಿ ಹರಡಿ ಒಕ್ಕಣೆ ಮಾಡುತ್ತಾರೆ. ಆ ಹೊಟ್ಟು, ಧೂಳಿನಲ್ಲಿ ಓಡಿದ ಕಾರಿನ ಏರ್ ಫಿಲ್ಟರನ್ನೂ ಅದೇ ವಾರ ಬಿಚ್ಚಿ ನೋಡುವುದು ಒಳ್ಳೆಯದು. ಅಡಿಯಲ್ಲಿ ಸೈಲೆನ್ಸರಿಗೆ ಸುತ್ತಿಕೊಂಡ ಹುಲ್ಲನ್ನು ತೆಗೆಯದಿದ್ದರೆ ಬೆಂಕಿಯ ಅಪಾಯವೂ ಇದೆ.

ವೇಪರ್ ಲಾಕ್ ಹಿಡಿಯಲು ಹಳೆಯ ಡ್ರೈವರುಗಳ ಒದ್ದೆ ಬಟ್ಟೆಯ ಉಪಾಯ ಇಂದಿಗೂ ಒಳ್ಳೆಯ ಪರೀಕ್ಷೆ. ಘಾಟಿಯಲ್ಲಿ ನಿಂತ ಅಂಬಾಸಿಡರಿನ ಫ್ಯೂಯಲ್ ಪಂಪಿನ ಮೇಲೆ ಅವರು ಒದ್ದೆ ಬಟ್ಟೆ ಹಾಕುತ್ತಿದ್ದರು. ಪಂಪನ್ನು ತಣಿಸಿದ ಸ್ವಲ್ಪ ಹೊತ್ತಿಗೆ ಕಾರು ಹೊರಟರೆ ಪೆಟ್ರೋಲ್ ಆವಿಯಾಗಿದ್ದೇ ಕಾರಣ. ಹೊರಡದಿದ್ದರೆ ಮುಂದಿನ ಸಲ ನಿಂತಾಗ ಪಂಪನ್ನು ಬಿಟ್ಟು ಕಾಯಿಲನ್ನು ತಣಿಸಿ ನೋಡಬೇಕು. ಎರಡನ್ನೂ ಒಟ್ಟಿಗೆ ತಣಿಸಿದರೆ ಯಾವುದರಿಂದ ಹೊರಟಿತು ಎಂಬುದು ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು ಎಂಬ ಈ ನಿಯಮವೇ ಇಡೀ ಹುಡುಕಾಟದ ಜೀವಾಳ. ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇರುವ ಓಮ್ನಿಯಲ್ಲಿ ಬಿಸಿ ಹೊರಹೋಗಲು ಜಾಗ ಕಡಿಮೆ. ಬೇಸಿಗೆಯಲ್ಲಿ ಅದಕ್ಕೆ ಈ ಪರೀಕ್ಷೆ ಇನ್ನೂ ಮುಖ್ಯ.

ಆಕ್ಸಿಲರೇಟರ್ ತುಳಿದ ಕೂಡಲೇ ಒಂದು ಕ್ಷಣ ತಡವರಿಸಿ ಆಮೇಲೆ ಪಿಕಪ್ ತೆಗೆದುಕೊಳ್ಳುವ ಕಾರಿಗೆ ಕಾರ್ಬೊರೇಟರಿನ ಆಕ್ಸಿಲರೇಟರ್ ಪಂಪನ್ನು ಮೊದಲು ನೋಡಬೇಕು. ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ಬಿಚ್ಚಿ, ಕಾರ್ಬೊರೇಟರಿನ ಬಾಯೊಳಗೆ ನೋಡುತ್ತ ಥ್ರಾಟಲ್ ಎಳೆದಾಗ ಪೆಟ್ರೋಲ್ ನೇರವಾಗಿ ಚಿಮ್ಮಬೇಕು. ತೊಟ್ಟಿಕ್ಕಿದರೆ, ಚಿಮ್ಮದಿದ್ದರೆ ಅದರ ಡಯಾಫ್ರಾಂ ಹರಿದಿದೆ ಅಥವಾ ರಂಧ್ರ ಕಟ್ಟಿದೆ. ಅದು ಸರಿಯಿದ್ದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ವ್ಯಾಕ್ಯೂಮ್ ಪೈಪು. ಅದರ ತುದಿಯಿಂದ ಬಾಯಲ್ಲಿ ಗಾಳಿ ಎಳೆದಾಗ ಆ ಎಳೆತ ನಿಲ್ಲದಿದ್ದರೆ ಡಿಸ್ಟ್ರಿಬ್ಯೂಟರಿನ ಡಯಾಫ್ರಾಂ ಹೋಗಿದೆ. ಬಿರುಕು ಬಿಟ್ಟ ಯಾವುದೇ ರಬ್ಬರ್ ಪೈಪಿನಿಂದ ಎಂಜಿನ್ ಕಳ್ಳಗಾಳಿ ಎಳೆದುಕೊಂಡರೂ ಇದೇ ತಡವರಿಕೆ. ಇಷ್ಟನ್ನೂ ನೋಡಿದ ಮೇಲೆ ಮಾತ್ರ ವಾಲ್ವ್ ಗ್ಯಾಪು, ಕಂಪ್ರೆಷನ್ ಪರೀಕ್ಷೆ. ವಾಲ್ವುಗಳನ್ನು ತೀರಾ ಬಿಗಿಯಾಗಿ ಕೂರಿಸಿದ್ದರೆ ಬಿಸಿಯಲ್ಲಿ ಅವು ಪೂರ್ತಿ ಮುಚ್ಚಿಕೊಳ್ಳದೆ ಬಿಸಿ ಸ್ಟಾರ್ಟಿಂಗ್ ಕೆಡುತ್ತದೆ.

ಕಬ್ಬಿನ ಜಿಲ್ಲೆಯ ಕಾರಿಗೆ ಎಥನಾಲ್

ಈಚಿನ ವರ್ಷಗಳಲ್ಲಿ ಹಳೆಯ ಕಾರುಗಳ ಲೆಕ್ಕಕ್ಕೆ ಒಂದು ಹೊಸ ಕಾರಣ ಸೇರಿದೆ. 2022ರಲ್ಲಿ ದೇಶದ ಪೆಟ್ರೋಲಿಗೆ ಶೇ 10ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಿತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಶೇ 20 ಬೆರಕೆಯ ಇ20ಗೆ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದೇ ಅದು. ಮಂಡ್ಯ ಜಿಲ್ಲೆಗೆ ಇದು ದೂರದ ಸುದ್ದಿಯಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಬೆಳೆದ ಕಬ್ಬು, 1933ರಲ್ಲಿ ಸ್ಥಾಪನೆಯಾದ ಮೈಷುಗರ್ ಸಕ್ಕರೆ ಕಾರ್ಖಾನೆ ಇರುವ ಜಿಲ್ಲೆ ಇದು. ಎಥನಾಲಿಗೆ ಬೇಡಿಕೆ ಬಂದರೆ ಕಬ್ಬಿಗೂ ಬೆಲೆ ಬರಲಿ ಎಂದು ಕಾಯುವ ರೈತನ ಮನೆಯಂಗಳದಲ್ಲೇ 1990ರ ದಶಕದ ಮಾರುತಿ ನಿಂತಿದೆ. ಎರಡೂ ಅವನಿಗೆ ಬೇಕು. ಆದ್ದರಿಂದ ಎಥನಾಲನ್ನು ಬೈಯುವುದಕ್ಕಿಂತ ಹಳೆಯ ಎಂಜಿನ್ನಿನಲ್ಲಿ ಅದು ಏನು ಮಾಡುತ್ತದೆಂದು ತಿಳಿದು ಕಾರನ್ನು ಸಿದ್ಧಮಾಡಿಕೊಳ್ಳುವುದು ಮೇಲು.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು, ಏಕೆಂದರೆ ಅದರೊಳಗೇ ಆಮ್ಲಜನಕ ಇದೆ. ಬರೀ ಪೆಟ್ರೋಲಿಗೆಂದು ಕೂರಿಸಿದ ಕಾರ್ಬೊರೇಟರ್ ಇ20 ಕುಡಿದಾಗ ಮಿಶ್ರಣ ತೆಳುವಾಗುತ್ತದೆ. ಅದನ್ನು ತಾನೇ ಸರಿದೂಗಿಸಿಕೊಳ್ಳುವ ಸೆನ್ಸರ್ ಆ ಕಾರಿನಲ್ಲಿಲ್ಲ. ಪರಿಣಾಮವಾಗಿ ತಣ್ಣಗಿನ ಬೆಳಿಗ್ಗೆ ಸ್ಟಾರ್ಟಿಂಗ್ ಕಷ್ಟ, ತುಳಿದಾಗ ತಡವರಿಕೆ. ಪ್ಲಗ್ಗಿನ ಮೂತಿ ಕಂದು ಬಣ್ಣಕ್ಕಿರುವ ಬದಲು ಬೆಳ್ಳಗಾಗಿದ್ದರೆ ಮಿಶ್ರಣ ತೆಳುವಾಗಿದೆಯೇ ಎಂದು ಮೆಕ್ಯಾನಿಕ್‌ನಿಂದ ನೋಡಿಸಬೇಕು. ಮಿಕ್ಸ್ಚರ್ ಸ್ಕ್ರೂ, ಅಗತ್ಯವಿದ್ದರೆ ಜೆಟ್ ಬದಲಿಸಿ ಸರಿಮಾಡಬಹುದು.

ಎಥನಾಲ್ ನೀರನ್ನು ಹೀರುತ್ತದೆ. ಬಹಳ ದಿನ ಓಡಿಸದೆ ನಿಲ್ಲಿಸಿದ ಕಾರಿನ ಟ್ಯಾಂಕಿನಲ್ಲಿ ನೀರು ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಾಗಿ ತಳ ಸೇರುತ್ತವೆ. ಪಂಪು ಎಳೆಯುವುದೂ ತಳದಿಂದಲೇ. ಹಳೆಯ ಕಾಲದ ರಬ್ಬರ್ ಹೋಸುಗಳು ಇದರಲ್ಲಿ ಉಬ್ಬಿ, ಒಳಗೇ ಪುಡಿಯಾಗಿ ಜೆಟ್ಟಿಗೆ ಅಡ್ಡ ಕೂರುತ್ತವೆ. ಸೋರಿದರೆ ಬೆಂಕಿ. ಅದಕ್ಕೇ ಎಥನಾಲ್ ತಾಳುವ ಹೋಸು, ಡಯಾಫ್ರಾಂಗಳನ್ನು ಕೆಡುವ ಮೊದಲೇ ಹಾಕಿಸಬೇಕು. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸದೆ ಆಗಾಗ ಓಡಿಸಬೇಕು.

ಎಂಪಿಎಫ್‌ಐ ಕಾರಾದರೆ

2000ದ ಆಸುಪಾಸಿನಿಂದ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ ಎಂಬ ಇಂಜೆಕ್ಷನ್ ಬಂತು. ಈ ಕಾರುಗಳಲ್ಲಿ ಕಿವಿ ಕೊಟ್ಟು ಕೇಳಬೇಕು. ಕೀ ಆನ್ ಮಾಡಿದಾಗ ಹಿಂದಿನ ಟ್ಯಾಂಕಿನಿಂದ ಎರಡು ಮೂರು ಸೆಕೆಂಡು ಪಂಪು ಗುಂಯ್ ಎನ್ನುತ್ತದೆ. ಕಾರು ಹೊರಡದ ಹೊತ್ತಿನಲ್ಲಿ ಆ ಸದ್ದು ಇಲ್ಲವೆಂದರೆ ಫ್ಯೂಸು, ರಿಲೇ, ಪಂಪು ನೋಡಬೇಕು. ಸದ್ದು ಇದ್ದೂ ಬಿಸಿಯಲ್ಲಿ ಮಾತ್ರ ಆಫ್ ಆಗಿ, ತಣ್ಣಗಾದ ಮೇಲೆ ಹೊರಟರೆ ಎಂಜಿನ್ನಿನ ತಿರುಗಾಟವನ್ನು ತಿಳಿಸುವ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್ ಮೇಲೆ ಅನುಮಾನ. ಐಡ್ಲಿಂಗಿನಲ್ಲಿ ಏರಿಳಿದು ಆಫ್ ಆದರೆ ಕಾರ್ಬನ್ ಕಟ್ಟಿದ ಥ್ರಾಟಲ್ ಬಾಡಿಯನ್ನು ತೊಳೆಸಬೇಕು.

ತೊಂದರೆಯನ್ನು ಕೋಡಿನಲ್ಲಿ ಬರೆದಿಡುವ ಒಬಿಡಿ ವ್ಯವಸ್ಥೆ ನಮ್ಮಲ್ಲಿ ಹಂತ ಹಂತವಾಗಿ ಕಡ್ಡಾಯವಾದದ್ದು 2010ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಎಂಪಿಎಫ್‌ಐ ಕಾರಿಗೆ ಎಲ್ಲ ಸ್ಕ್ಯಾನರೂ ಹೊಂದುವುದಿಲ್ಲ. ಹೊಂದಿದರೂ ಕೋಡ್ ತೋರಿಸುವುದು ತೊಂದರೆ ಇರುವ ಸರ್ಕ್ಯೂಟನ್ನು. ಸೆನ್ಸರ್ ಕೆಟ್ಟಿದೆಯೋ, ಅದರ ವೈರು ತುಂಡಾಗಿದೆಯೋ, ಕನೆಕ್ಟರಿನ ಪಿನ್ನಿಗೆ ತುಕ್ಕು ಹಿಡಿದಿದೆಯೋ ಎಂಬುದನ್ನು ಮನುಷ್ಯನೇ ನೋಡಬೇಕು. ಸ್ಕ್ಯಾನರ್ ನೋಡಿ ನೇರವಾಗಿ ಸೆನ್ಸರ್ ಬದಲಾಯಿಸುವುದೂ ಅನುಮಾನದ ಮೇಲೆ ಕಾಯಿಲ್ ಬದಲಾಯಿಸಿದಷ್ಟೇ ಕುರುಡು ಕೆಲಸ.

ಹುಡುಕಾಟಕ್ಕೂ ಕೂಲಿ

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಗ್ಯಾರೇಜುಗಳಲ್ಲಿ ಪಾರ್ಟು ಬದಲಾಯಿಸುವ ಪದ್ಧತಿಯೇ ಯಾಕೆ ಗೆಲ್ಲುತ್ತದೆ? ತಪ್ಪು ಮೆಕ್ಯಾನಿಕ್‌ನದ್ದು ಮಾತ್ರವಲ್ಲ. ಹೊಸ ಕಾಯಿಲ್ಲಿಗೆ ನಾವು ತಕರಾರಿಲ್ಲದೆ ದುಡ್ಡು ಕೊಡುತ್ತೇವೆ, ಕಣ್ಣಿಗೆ ಕಾಣುವ ವಸ್ತು ಕೈಗೆ ಬಂತಲ್ಲ ಎಂದು. ಅದೇ ಮೆಕ್ಯಾನಿಕ್ ಎರಡು ಗಂಟೆ ಹುಡುಕಿ, ಸಡಿಲವಾಗಿದ್ದ ಒಂದು ಅರ್ತ್ ಬೋಲ್ಟನ್ನು ಬಿಗಿಮಾಡಿ ಕಾರನ್ನು ಸರಿಮಾಡಿದರೆ ‘ಒಂದು ಬೋಲ್ಟಿಗೆ ಇಷ್ಟೊಂದಾ?’ ಎಂದು ಚೌಕಾಸಿಗೆ ಇಳಿಯುತ್ತೇವೆ. ಹುಡುಕಾಟಕ್ಕೆ ಬೆಲೆ ಇಲ್ಲದ ಕಡೆ ಯಾರೂ ಹುಡುಕುವುದಿಲ್ಲ. ಆಗ ಅವನು ಬದುಕಬೇಕಾದ್ದು ಪಾರ್ಟಿನ ಮೇಲಿನ ಲಾಭದಿಂದಲೇ.

ಪಾಯಿಂಟಿನ ಗ್ಯಾಪು, ಕಾರ್ಬೊರೇಟರಿನ ಜೆಟ್ಟು, ಪ್ಲಗ್ಗಿನ ಬಣ್ಣ ಓದಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಮಳವಳ್ಳಿ, ಮದ್ದೂರಿನಂಥ ಊರುಗಳಲ್ಲಿ ಇನ್ನೂ ಇದ್ದಾರೆ. ಐಟಿಐ ಮುಗಿಸಿ ಬರುವ ಹುಡುಗರಿಗೆ ಸ್ಕ್ಯಾನರ್ ಗೊತ್ತು. ಈ ಇಬ್ಬರ ತಿಳಿವಳಿಕೆ ಒಂದೇ ಶೆಡ್ಡಿನಲ್ಲಿ ಸೇರಬೇಕಾದರೆ ಹಿರಿಯನ ಹುಡುಕಾಟಕ್ಕೆ ಕೂಲಿ ಸಿಗಬೇಕು, ಕಿರಿಯನಿಗೆ ಪಕ್ಕದಲ್ಲಿ ನಿಂತು ಕಲಿಯಲು ಪುರುಸೊತ್ತು ಸಿಗಬೇಕು. ಗ್ಯಾರೇಜಿಗೆ ಹೋದಾಗ ‘ಏನಾದ್ರೂ ಬದಲಾಯ್ಸಿ ಸರಿಮಾಡಿ’ ಎನ್ನುವ ಬದಲು, ಬರೆದ ನೋಟ್‌ಬುಕ್ಕನ್ನು ಅವರ ಕೈಗಿಟ್ಟು ‘ಮೊದ್ಲು ಯಾಕೆ ಅಂತ ನೋಡಣ್ಣ, ನೋಡಿದ್ದಕ್ಕೂ ದುಡ್ಡು ಕೊಡ್ತೀನಿ’ ಎಂದು ಹೇಳೋಣ. ಹೀಗೆ ಕೊಟ್ಟ ದುಡ್ಡು ಬೇಡದ ನಾಲ್ಕು ಪಾರ್ಟಿನ ಖರ್ಚನ್ನು ಉಳಿಸುತ್ತದೆ. ನಡುರಾತ್ರಿ ಆಸ್ಪತ್ರೆಗೆ ಹೊರಟ ಕಾರು ದಾರಿಯಲ್ಲಿ ನಿಲ್ಲದಂತೆ ಕಾಯುವುದೂ ಅದೇ.